ಕುರಿ ಅಂಗಳದ ಕೇಬಲ್ಲು

ಕರೆಂಟಿನ ಕೆಲಸದೋರ ಬದುಕಿನಲ್ಲಿ ಇಂಥವು ನಡೀತಾನೇ ಇರ್ತವೆ. ಏನೂ ನಡೀಲಿಲ್ಲ ಅಂದ್ರೆ ಅವತ್ತು ಒಂದೋ ನಾನು ರಜಾ ಹಾಕಿದ್ದೆ, ಇಲ್ಲಾ ಇಡೀ ತಾಲ್ಲೂಕಿಗೆ ಕರೆಂಟೇ ಇರಲಿಲ್ಲ ಅಂತ ತಿಳ್ಕೊಳ್ಳಿ.

ನಾನು ಲೈನ್‌ಮನ್ ಆಗಿದ್ದೋನು. ಹೊಳಲ್ಕೆರೆಯಲ್ಲಿ ಕಂಬ ಹತ್ತೋದು ಕಲಿತೆ, ಹೊಸದುರ್ಗದಲ್ಲಿ ಕಂಬದಿಂದ ಬೀಳೋದು ಕಲಿತೆ, ಎಪ್ಪತ್ತರ ದಶಕದ ನಡುವಿಗೆ ಹಿರಿಯೂರಿಗೆ ಬಂದು ಬಾಯಿ ಮುಚ್ಕೊಂಡಿರೋದು ಕಲಿತೆ. ಹೊಸದುರ್ಗದಲ್ಲಿ ಒಬ್ಬ ಯಜಮಾನರು, ಮೀಟರು ಬಹಳ ಜೋರಾಗಿ ತಿರುಗ್ತದೆ ಅಂತ, ಅದಕ್ಕೆ ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಸಿದ್ರು. ತೆಗೀತಿದ್ದ ಹಾಗೇ ಮೀಟರು ನಿಧಾನ ಆಯ್ತಂತೆ. "ಆವಾಗ ಫ್ಯಾನು ತಿರುಗ್ತಿತ್ತಾ?" ಅಂತ ಕೇಳಿದೆ. "ಎಲ್ಲಾರ ಉಂಟಾ? ಕೆಂಡ ಹಾರೀತು ಅಂತ ಮೊದ್ಲೇ ಆರಿಸಿದ್ವಲ್ಲ" ಅಂದ್ರು.

ಆದ್ರೆ ನನ್ನ ಸರ್ವಿಸಿನಲ್ಲೆಲ್ಲ ನನ್ನನ್ನ ಹಣ್ಣುಗಾಯಿ ನೀರುಗಾಯಿ ಮಾಡಿದ್ದು ಒಂದೇ ಮನೆ. ಆ ಮನೆ ಅಂಗಳದಲ್ಲಿ ಬಿದ್ದಿದ್ದ ಒಂದು ಕೇಬಲ್ಲು.

ಹಿರಿಯೂರಿಂದ ಮಾರಿಕಣಿವೆಗೆ ಹೋಗೋ ದಾರಿಯಲ್ಲಿ ಒಳಕ್ಕೆ ತಿರುಗಿದ್ರೆ ಆ ಹಳ್ಳಿ. ಕುರಿ ಸಾಕೋ ಮನೆತನ. ಮನೇಲಿ ಒಬ್ಬ ಅಜ್ಜ, ಅಜ್ಜನ ಮಗ, ಸೊಸೆ. ಮಗ ಬೆಳಗಾದ್ರೆ ಕುರಿ ಹೊಡ್ಕೊಂಡು ಹೊರಟುಬಿಡೋನು, ಅವನ ಮುಖಕ್ಕಿಂತ ಬೆನ್ನೇ ನನಗೆ ಚೆನ್ನಾಗಿ ಗುರುತು. ಹಾಗಾಗಿ ನನ್ನ ವ್ಯವಹಾರ ಎಲ್ಲ ಅಜ್ಜನ ಜೊತೆ, ಸೊಸೆ ಜೊತೆ.

ಆ ಹೆಣ್ಣುಮಗಳು ಮದುವೆಯಾಗಿ ಬಂದಾಗಿಂದ ಅಂಗಳದಾಚೆ ಇದ್ದ ಬಾವಿಯಿಂದ ನೀರು ಸೇದ್ತಾನೇ ಇದ್ಲು. ಮನುಷ್ಯರಿಗೆ ನಾಲ್ಕು ಕೊಡ ಸಾಕು. ಕುರಿಗಳಿಗೆ ಸೇದಿ ಸೇದಿ ತೊಟ್ಟಿ ತುಂಬಬೇಕಲ್ಲ, ಅದು ಮುಗಿಯೋ ಕೆಲಸ ಅಲ್ಲ. ಕೊನೆಗೂ ಬಾವಿಗೊಂದು ಮೋಟರು ಬಂತು. ಮನೆ ಗೋಡೆಯ ಮೀಟರಿಂದ ಮೋಟರಿಗೆ ಕರೆಂಟು ಅಂಗಳ ದಾಟಿ ಹೋಗಬೇಕು. ವೈರಿಂಗ್ ಮಾಡಿದ ಕಂಟ್ರಾಕ್ಟರು ಕರೀ ಕೇಬಲ್ಲನ್ನ ನೆಲದ ಮೇಲೆ ಉದ್ದಕ್ಕೆ ಬಿಟ್ಟು, "ನಾಳೆ ಬಂದು ಭದ್ರ ಮಾಡ್ತೀನಿ" ಅಂತ ಹೇಳಿ ಹೋದ. ಅವನ ನಾಳೆ ಇನ್ನೂ ಬಂದಿಲ್ಲ.

ಒಂದು ದಿನ ನಮ್ಮ ಸೆಕ್ಷನ್ ಆಫೀಸರು ತಪಾಸಣೆಗೆ ಬಂದ್ರು. ಮೈಸೂರು ಕಡೆಯೋರು, ನಾವೆಲ್ಲ ಸಾಹೇಬರು ಅಂತಿದ್ವಿ. ಅವರು ನೋಡ್ತಿದ್ದ ಹಾಗೇ ಹಿಂಡು ಕುರಿ ಆ ಕೇಬಲ್ ಮೇಲೆ ಟಪಟಪ ಅಂತ ತುಳ್ಕೊಂಡು ಹೋದ್ವು. ಸಾಹೇಬರ ಮುಖ ಬಿಳುಚಿಕೊಳ್ತು.

"ಗೊರಸು ತಾಗಿ ತಾಗಿ ಒಂದು ದಿನ ಮೇಲಿನ ಹೊದಿಕೆ ಹರಿದ್ರೆ ಕುರೀನೂ ಹೋಗುತ್ತೆ, ಕುರಿ ಹಿಂದಿರೋನೂ ಹೋಗ್ತಾನೆ ಕಣಯ್ಯಾ. ತಿಂಗಳೊಳಗೆ ಇದನ್ನ ಭದ್ರ ಮಾಡಿಸು. ಇಲ್ಲ ಅಂದ್ರೆ ಫ್ಯೂಸು ಕಿತ್ಕೊಂಡು ಬಾ."

ಮಾತು ನ್ಯಾಯವಾದದ್ದೇ. ಆದ್ರೆ ಕೀಳಬೇಕಾದ ಕೈ ನಂದು. ಜೀಪು ಹೋದಮೇಲೆ ಸೊಸೆ ಎರಡೂ ಅಂಗೈ ಚಾಚಿ ತೋರಿಸಿದ್ಲು. ಹಗ್ಗ ಎಳೆದು ಎಳೆದು ಅಂಗೈಯಲ್ಲಿ ಗೀರು ಬಿದ್ದಿತ್ತು.

"ನೋಡಣ್ಣ, ಮೋಟ್ರು ಬಂದ ಮ್ಯಾಲೆ ಈಗೀಗ ಚರ್ಮ ಕೂಡ್ಕಂತಾ ಐತೆ. ನೀನು ಕರೆಂಟ್ ಕಿತ್ರೆ ನಾನು ನಾಳೇನೇ ಹಗ್ಗ ಹಿಡೀಬೇಕು. ಏನಾರ ಮಾಡಣ್ಣ."

ಏನಾದ್ರೂ ಮಾಡಾಣ ಬಿಡವ್ವ ಅಂದುಬಿಟ್ಟೆ. ಆ ಒಂದು ಮಾತಿಗೆ ನಾನು ಪಟ್ಟ ಪಾಡು ಇದು.

೧. ಹಾರೆ

ಕೇಬಲ್ ಭದ್ರ ಮಾಡೋದು ಬ್ರಹ್ಮವಿದ್ಯೆ ಏನಲ್ಲ. ಮೊಣಕಾಲುದ್ದ ಕಾಲುವೆ ತೋಡಬೇಕು, ಮರಳು ಹಾಕಬೇಕು, ಕೇಬಲ್ ಮಲಗಿಸಿ ಇಟ್ಟಿಗೆ ಜೋಡಿಸಿ ಮಣ್ಣು ಮುಚ್ಚಬೇಕು. ಪುಸ್ತಕದಲ್ಲಿ ಹಾಗೇ ಇದೆ. ನಾನೂ ಪುಸ್ತಕ ಓದಿದೋನ ಹಾಗೆ ಎದೆ ಉಬ್ಬಿಸಿ ಹೇಳಿದೆ. ಅಜ್ಜ ಕಟ್ಟೆ ಮೇಲೆ ಕುಂತು ಎಲೆಗೆ ಸುಣ್ಣ ಸವರ್ತಾ ಕೇಳಿಸ್ಕೊಂಡ್ರು.

"ತೋಡು."

"ನಾನಲ್ಲ ಅಜ್ಜ, ಮನೆಯೋರು ತೋಡಿಸಬೇಕು."

"ಹಾರೆ ಮೂಲ್ಯಾಗೆ ಐತೆ. ಒಂದೇ ಒಂದು ಏಟು ಹಾಕು. ಒಂದು ಬೊಟ್ಟು ಇಳೀತು ಅಂದ್ರೆ ಉಳಿದಿದ್ದು ನಾನು ತೋಡ್ತೀನಿ."

ಸರಿ, ನಾನೂ ಪ್ರಾಯದೋನು. ಸೊಸೆ ಬೇರೆ ಬಾಗಿಲಲ್ಲಿ ನಿಂತು ನೋಡ್ತಿದ್ದಾಳೆ. ಹಾರೆ ತಗೊಂಡು, ಅಂಗೈಗೆ ಉಗುಳಿಕೊಂಡು, ಎತ್ತಿ ಹಾಕಿದೆ. ಠಣ್ ಅಂತು. ಕಿಡಿ ಹಾರ್ತು. ಹಾರೆ ವಾಪಸ್ಸು ಎಗರಿ ಬಂತು, ನನ್ನ ಹಲ್ಲು ಹಲ್ಲಿಗೆ ಹೊಡ್ಕೊಂಡ್ವು. ನೆಲದ ಮೇಲೆ ಒಂದು ಬಿಳೀ ಚುಕ್ಕೆ ಬಿಟ್ರೆ ಮತ್ತೇನೂ ಇಲ್ಲ. ಎರಡು ಬೆರಳು ಧೂಳಿನ ಕೆಳಗೆ ಇಡೀ ಅಂಗಳ ಒಂದೇ ಹಾಸುಬಂಡೆ! ಬಂಡೆ ಮುಗಿದು ಮಣ್ಣು ಶುರುವಾಗೋ ಕಡೆ ಬಾವಿ.

"ಮೊದ್ಲೇ ಹೇಳಬಾರದಾ ಅಜ್ಜ?" ಅಂತ ಕೈ ಒದರ್ತಾ ಕೇಳಿದೆ.

"ನಮ್ಮ ತಾತ ಈ ಜಾಗ ಯಾಕೆ ಆರಿಸ್ದ ಅಂದ್ಕಂಡೀಯಪ್ಪ? ಹೆಗ್ಗಣ ಕೊರೀಬಾರ್ದು ಅಂತ. ನಾಕು ತಲೆಮಾರಿಂದ ಹೆಗ್ಗಣ ಪ್ರಯತ್ನ ಮಾಡ್ತಾನೇ ಅವೆ. ನೀನೂ ಒಂದು ಕೈ ನೋಡು ಅಂತ ಬಿಟ್ಟೆ."

೨. ಮುಳ್ಳು

ಹೂಳೋಕೆ ಆಗಲ್ಲ ಅಂದ್ರೆ ಕಬ್ಬಿಣದ ಪೈಪಿನೊಳಗೆ ತೂರಿಸಬೇಕು. ಚಿತ್ರದುರ್ಗದ ಅಂಗಡಿಯೋನಿಗೆ ಹೇಳಿ ಕಳಿಸಿದೆ. "ಬರ್ತದೆ" ಅಂದ. ಯಾವಾಗ ಕೇಳಿದ್ರೂ "ಬರ್ತದೆ" ಅಂತಲೇ ಅಂತಿದ್ದ. ಅಲ್ಲೀವರೆಗೂ ಕೇಬಲ್ ಮೇಲೆ ಕುರಿ ಹೋಗದ ಹಾಗೆ ಏನಾದ್ರೂ ಅಡ್ಡ ಮಾಡಿ ಅಂತ ಅಜ್ಜನಿಗೆ ಹೇಳಿ ಬಂದೆ. ತಪ್ಪು ನಂದೇ. ಕುರಿ ಕಾಯೋರಿಗೆ ಅಡ್ಡ ಮಾಡಿ ಅಂದ್ರೆ ಏನು ಮಾಡ್ತಾರೆ ಅಂತ ಯೋಚಿಸಬೇಕಿತ್ತು.

ವಾರ ಬಿಟ್ಟು ಹೋದೆ. ಕೇಬಲ್ ಉದ್ದಕ್ಕೂ ಸೊಂಟದೆತ್ತರ ಜಾಲಿಮುಳ್ಳು! ಅಂಗಳ ಎರಡು ಪಾಲಾಗಿತ್ತು. ಈ ಕಡೆ ಮನೆ, ಆ ಕಡೆ ಬಾವಿ. ಮೋಟರು ಹಾಕಬೇಕು ಅಂದ್ರೆ ಸೊಸೆ ಮನೆ ಹಿಂದಿನಿಂದ ಹೋಗಿ, ಪಕ್ಕದ ಮನೆಯ ಹಿತ್ತಲು ದಾಟಿ, ಸುತ್ತು ಹೊಡೆದು ಬಾವಿಗೆ ಬರಬೇಕು. ಪಕ್ಕದ ಮನೆ ಅಕ್ಕ ಬೇಲಿ ಹತ್ತಿರ ನಿಂತು ಕೂಗ್ತಿದ್ಲು, "ನಮ್ಮ ಹಿತ್ತಲೇನು ಸಂತೆ ದಾರಿಯೇನ್ರೇ? ದಿನಕ್ಕೆ ಎಷ್ಟು ಸಲ ಓಡಾಡ್ತೀರಿ!"

ನಾನು ಕೇಬಲ್ ಸ್ಥಿತಿ ನೋಡಾಣ ಅಂತ ಮುಳ್ಳು ಸರಿಸಿ ಒಳಗೆ ಒಂದು ಕಾಲಿಟ್ಟೆ. ಒಳಗೆ ಹೋಗೋಕೆ ಬಿಟ್ಟ ಮುಳ್ಳು ಹೊರಗೆ ಬರೋಕೆ ಬಿಡಲಿಲ್ಲ. ಖಾಕಿ ಪ್ಯಾಂಟು ಹಿಂದಿನಿಂದ ಚರ್ ಅಂತ ಹರೀತು. ಅಲ್ಲಿ ನಿಂತು ನೋಡ್ತೀನಿ, ನನ್ನ ಪಕ್ಕದಲ್ಲೇ ಅಜ್ಜನ ಎರಡು ಆಡು ನಿಂತ್ಕೊಂಡು ಆರಾಮಾಗಿ ಜಾಲಿಕಾಯಿ ಮೇಯ್ತಾ ಅವೆ. ನಿಂತಿರೋದು ಎಲ್ಲಿ? ನೆಟ್ಟಗೆ ಕೇಬಲ್ ಮೇಲೆ.

"ಏನಜ್ಜ ಇದು! ಪ್ರಾಣಿ ಬರಬಾರದು ಅಂತ ಅಲ್ವಾ ಮುಳ್ಳು ಹಾಕಿದ್ದು?"

"ಮುಳ್ಳು ಮನುಷ್ಯರಿಗಪ್ಪ. ಆಡಿಗೆ ಅದು ಊಟ" ಅಂದ್ರು ಅಜ್ಜ, ನಾನು ಯಾವ ಊರಿನ ಪೆದ್ದ ಅನ್ನೋ ಹಾಗೆ ನೋಡ್ತಾ.

ಹರಿದ ಪ್ಯಾಂಟು ಸುತ್ತಿ ಕೈಯಲ್ಲಿ ಹಿಡ್ಕೊಂಡು, ಅಜ್ಜನ ಪಂಚೆ ಉಟ್ಕೊಂಡು ಹಿರಿಯೂರು ಆಫೀಸಿಗೆ ಸೈಕಲ್ ತುಳಿದೆ. ಬಾಗಿಲಲ್ಲೇ ಸಾಹೇಬರು ಸಿಕ್ಕಿದ್ರು. ಅಡಿಯಿಂದ ಮುಡಿವರೆಗೂ ನೋಡಿದ್ರು.

"ಡ್ಯೂಟಿ ಟೈಮಲ್ಲಿ ಯಾರ ಮದುವೆಗೆ ಹೋಗಿದ್ದೆ?"

"ಮದುವೆ ಅಲ್ಲ ಸಾರ್, ಕೇಬಲ್ ನೋಡೋಕೆ."

"ಓಹೋ. ಹುಡುಗಿ ಒಪ್ಪಿಗೆ ಆದ್ಲಾ?"

೩. ಹೊದಿಕೆ

ಮುಳ್ಳು ತೆಗೆಸಿದೆ. ಆಡುಗಳಿಗೆ ಬೇಜಾರಾಯ್ತು. ಬೇಜಾರಿಗೆ ಅವು ಕೇಬಲ್ಲನ್ನೇ ಮೂಸೋಕೆ, ನೆಕ್ಕೋಕೆ ಶುರು ಮಾಡಿದ್ವು. ತುಳಿಯೋದು ಒಂದು ಕಡೆ, ಇನ್ನು ಕಡಿಯೋದೂ ಶುರುವಾದ್ರೆ ಕಥೆ ಮುಗೀತು ಅಂತ ನನಗೆ ನಿದ್ದೆ ಹಾರಿಹೋಯ್ತು.

ಸೊಸೆ ಮಾತ್ರ ಧೈರ್ಯವಾಗಿದ್ಲು. "ಅದಕ್ಕೆ ಮದ್ದು ನಂಗೊತ್ತು ಬಿಡಣ್ಣ" ಅಂದ್ಲು. ಹೊಸದಾಗಿ ನೆಟ್ಟ ಗಿಡಕ್ಕೆ ದನ ಬಾಯಿ ಹಾಕದ ಹಾಗೆ ಸಗಣಿ ನೀರು ಚಿಮುಕಿಸ್ತಾರಲ್ಲ, ಅದೇ ಮದ್ದು. ಆದ್ರೆ ಅವಳು ಚಿಮುಕಿಸೋಳಲ್ಲ. ಕೈಲಿ ಹಿಡಿದ ಕೆಲಸ ಅಚ್ಚುಕಟ್ಟಾಗಿ ಮಾಡೋಳು. ಮೇನ್ ಸ್ವಿಚ್ ಆರಿಸಿ, ಮೀಟರಿಂದ ಬಾವಿವರೆಗೆ ಕೇಬಲ್ಲಿಗೆ ಒಂದು ಬೆರಳು ದಪ್ಪ ಸಗಣಿ ಮೆತ್ತಿದ್ಲು. ಮೆತ್ತಿದ ಮೇಲೆ ಬರೀ ಸಗಣಿ ಬಿಡಬಾರದು, ಅಪಶಕುನ ಅಂತ, ಪಕ್ಕದಲ್ಲಿ ಉದ್ದಕ್ಕೂ ರಂಗೋಲಿ ಎಳೆ ಬೇರೆ ಎಳೆದ್ಲು.

ಒಂದು ಮಾತು ಒಪ್ಕೋಬೇಕು, ಆಡು ಮೂಸಿ ನೋಡಿ ಮೂತಿ ತಿರುಗಿಸ್ಕೊಂಡು ಹೋದ್ವು. ನಾನು ಹಿಗ್ಗಿ ಹೀರೇಕಾಯಿ ಆದೆ. ಆಫೀಸಿಗೆ ಹೋಗಿ ಸಾಹೇಬರ ಮುಂದೆ ನಿಂತೆ.

"ಸಾರ್, ಆ ಕೇಬಲ್ಲಿಗೆ ಮೇಲೊಂದು ಹೊದಿಕೆ ಆಯ್ತು."

ಸಾಹೇಬರು ಕನ್ನಡಕ ಮೇಲೆತ್ತಿದ್ರು. "ಭೇಷ್! ಎಂಥದು? ರಬ್ಬರಾ?"

"ರಬ್ಬರಲ್ಲ ಸಾರ್. ಲೋಕಲ್ಲು."

"ಎಷ್ಟು ದಪ್ಪ?"

"ಒಂದು ಬೆರಳು ಸಾರ್."

"ಪರವಾಗಿಲ್ವೇ! ಯಾವ ಕಂಪನೀದು?"

ಸುಳ್ಳು ಹೇಳೋಕೆ ನಾಲಿಗೆ ತಿರುಗಲಿಲ್ಲ. "ಮನೆ ಹಸೂದು ಸಾರ್" ಅಂದೆ.

೪. ಬೇವಿನ ಮರ

ನಮ್ಮ ಕಡೆ ಮಳೆ ಅನ್ನೋದು ಬೀಗರಿದ್ದ ಹಾಗೆ, ಕರೆದಾಗ ಬರೋದಿಲ್ಲ. ಆ ವಾರ ಕರೀದೇ ಬಂತು. ಹೊದಿಕೆ, ರಂಗೋಲಿ ಎಲ್ಲ ತೊಳ್ಕೊಂಡು ಹೋಗಿ ಕೇಬಲ್ಲು ಮೊದಲಿಗಿಂತ ಫಳಫಳ ಅಂತ ಹೊಳೀತಾ ಬಿದ್ದಿತ್ತು.

ಕೆಳಗೆ ಬೇಡ, ಮೇಲೆ ಕಟ್ಟಾಣ ಅಂದೆ. ಬಂಡೆ ಮೇಲೆ ಕಂಬ ನಿಲ್ಲಲ್ಲ. ಆದ್ರೆ ಅಂಗಳದ ನಡುವೆ, ಬಂಡೆಯ ಒಂದು ಸೀಳಿನಲ್ಲಿ ಬೇರು ಬಿಟ್ಟ, ಕಲ್ಲುಕಟ್ಟೆಯ ಬೇವಿನ ಮರ ಇತ್ತು. ಮನೆ ಸೂರಿನಿಂದ ಮರಕ್ಕೆ, ಮರದಿಂದ ಮೋಟರ್ ಶೆಡ್ಡಿಗೆ ತಂತಿ ಬಿಗಿದು, ಆ ತಂತಿಗೆ ಕೇಬಲ್ ಜೋತುಹಾಕಿದೆ. ಬೆವರು ಸುರಿಸಿ ಅರ್ಧ ದಿನ ಕೆಲಸ. ತಲೆಗಿಂತ ಮೇಲೆ, ಯಾವ ಕುರಿಗೂ ಎಟುಕಲ್ಲ. ಅಜ್ಜ ಕೆಳಗೆ ನಿಂತು, ಕೈ ಮೇಲೆತ್ತಿ ಅಳತೆ ನೋಡಿ, "ಒಳ್ಳೆ ಎತ್ತರಕ್ಕೇ ಕಟ್ಟೀಯ ಕಣಪ್ಪ, ಬಾಳ ಅನುಕೂಲ ಆತು" ಅಂದ್ರು. ಸೊಸೆ ಮಜ್ಜಿಗೆ ಕೊಟ್ಲು. ನನಗೆ ಸ್ವರ್ಗಕ್ಕೆ ಮೂರೇ ಗೇಣು. ಅಜ್ಜ ಅನುಕೂಲ ಆತು ಅಂದಿದ್ದು ಯಾವುದಕ್ಕೆ ಅಂತ ಕೇಳೋ ಬುದ್ಧಿ ಬರಲಿಲ್ಲ.

ನಾಲ್ಕನೇ ದಿನ ಹೇಳಿ ಕಳಿಸಿದ್ರು, "ಕೇಬಲ್ ಬಿದ್ದೈತೆ, ಬರ್ರಿ." ಓಡಿದೆ. ಪುಣ್ಯಕ್ಕೆ ಬಿದ್ದಾಗ ಮೇನ್ ಆಫ್ ಇತ್ತು. ಅಂಗಳದ ತುಂಬ ಸೊಪ್ಪು. ಎಳೇ ಮರಿಗಳಿಗೆ ಮೇವು ಅಂತ ಬೇವಿನ ಸೊಪ್ಪು, ಹಸಿರು ಕೊಂಬೆ ಎಲ್ಲ ಕಟ್ಟು ಮಾಡಿ ಹಗ್ಗಕ್ಕೆ ನೇತುಹಾಕ್ತಾರಲ್ಲ, ಆ ಕಟ್ಟುಗಳನ್ನ ಅಜ್ಜ ಉದ್ದ ಹಗ್ಗ ಬಿಟ್ಟು ಸಾಲಾಗಿ ನನ್ನ ಕೇಬಲ್ಲಿಗೆ ಕಟ್ಟಿದ್ರು. ಮರಿಗಳು ಮುಂಗಾಲೆತ್ತಿ ನಿಂತು ಕಚ್ಚಿ ಜಗ್ಗಿದ್ವು. ಒಂದು ಮರಿ ಅಲ್ಲ, ಮನೆ ಮರಿಗಳೆಲ್ಲ. ಎಷ್ಟು ಅಂತ ತಡೀತದೆ?

ನನಗೆ ಪಿತ್ತ ನೆತ್ತಿಗೇರಿತು. "ಅಜ್ಜಾ! ಅದು ಕರೆಂಟು ಹೋಗೋ ವೈರು! ಅದಕ್ಕೆ ಸೊಪ್ಪು ಕಟ್ಟೋದಾ? ನಿಮಗೇನಾರ ಬುದ್ಧಿ ಐತಾ?"

ಅಜ್ಜ ಸಿಟ್ಟು ಮಾಡ್ಕೊಳ್ಳಲಿಲ್ಲ. ಬಿದ್ದ ತಂತಿ ಎತ್ತಿ, ನಾನು ಹಾಕಿದ ಗಂಟು ತಿರುಗಿಸಿ ಮುರುಗಿಸಿ ನೋಡಿದ್ರು.

"ನಾನು ಕಟ್ಟಿದ ಸೊಪ್ಪಿನ ಗಂಟು ಒಂದೂ ಬಿಚ್ಚಿಲ್ಲ ನೋಡಪ್ಪ. ಬಿಚ್ಚಿರೋದೆಲ್ಲ ನಿಂದೇ."

೫. ಸಾಹೇಬರು ಕುಂತಿದ್ದು

ಕೇಬಲ್ಲು ಮತ್ತೆ ನೆಲಕ್ಕೇ ಬಂತು, ತಿಂಗಳೂ ಮುಗೀತು. ಬೆಳಿಗ್ಗೆ ಆಫೀಸಿಗೆ ಹೋದ್ರೆ ಸಾಹೇಬರು ಜೀಪಿನಲ್ಲಿ ಕುಂತಿದ್ರು. "ಹತ್ತು. ಆ ನಿನ್ನ ಹಸುವಿನ ಕಂಪನಿ ಮನೆಗೆ ಹೋಗೋಣ. ಕಟಿಂಗ್ ಪ್ಲೇಯರ್ ಇದೆ ತಾನೆ?" ಅಂದ್ರು. ಇತ್ತು. ಯಾಕಾದ್ರೂ ಇತ್ತೋ. ದಾರಿ ಉದ್ದಕ್ಕೂ ನನಗೆ ಕಾಣ್ತಿದ್ದಿದ್ದು ಆ ಹೆಣ್ಣುಮಗಳ ಎರಡು ಅಂಗೈ. ಇವತ್ತು ಫ್ಯೂಸು ಕಿತ್ರೆ ಅವಳ ಮುಖ ಮತ್ತೆ ಹೇಗೆ ನೋಡ್ಲಿ ಅಂತ ಸಂಕಟ ಆಗ್ತಿತ್ತು.

ಸಾಹೇಬರು ಇವತ್ತು ಬರ್ತಾರೆ ಅಂತ ಹಿಂದಿನ ದಿನ ನಾನೇ ಹೇಳಿ ಕಳಿಸಿದ್ದೆ. ಜೀಪು ಅಂಗಳದ ಮುಂದೆ ನಿಂತಾಗ ನೋಡ್ತೀನಿ, ಕೇಬಲ್ಲೇ ಇಲ್ಲ! ಇರಬೇಕಾದ ಕಡೆ ಮನೆ ಗೋಡೆಯಿಂದ ಬಾವಿವರೆಗೆ ಸಾಲಾಗಿ ಕರೀ ಕಂಬಳಿ ಹಾಸಿತ್ತು. ಮನೇಲಿದ್ದಷ್ಟೂ ಕಂಬಳಿ ಉದ್ದಕ್ಕೆ ಜೋಡಿಸಿ ಕೇಬಲ್ ಮುಚ್ಚಿಬಿಟ್ಟಿದ್ರು. ಆ ತುದೀಲಿ ಅಜ್ಜ ರುಮಾಲು ಸುತ್ಕೊಂಡು ಕಂಬಳಿ ಮೇಲೆ ಗಂಭೀರವಾಗಿ ಕುಂತಿದ್ರು. ನಾನು ಮೊದಲು ಓಡಿಹೋಗಿ ಮೇನ್ ಸ್ವಿಚ್ ಆಫ್ ಮಾಡಿದೆ.

ಸಾಹೇಬರು ಬೂಟು ಟಕಟಕ ಅನ್ನಿಸ್ಕೊಂಡು ಬಂದ್ರು.

"ಸಾಹೇಬ್ರೇ, ಅಲ್ಲೇ ನಿಂತ್ಕಳ್ರಿ! ಕಂಬಳಿ ಹಾಸೈತೆ, ಮೆಟ್ಟು ಬಿಟ್ಟು ಬರ್ರಿ" ಅಂತ ಅಜ್ಜ ಕೂಗಿದ್ರು.

ಹಾಸಿದ ಕಂಬಳಿ ಅಂದ್ರೆ ಆ ಜನಕ್ಕೆ ದೇವರ ಗದ್ದಿಗೆ ಇದ್ದಂಗೆ. ಮೆಟ್ಟು ಹಾಕ್ಕೊಂಡು ತುಳಿಯೋ ಹಾಗಿಲ್ಲ, ಅದರ ಮೇಲೆ ಕುಂತೋರು ಸುಳ್ಳಾಡೋ ಹಾಗಿಲ್ಲ. ಸಾಹೇಬರಿಗೆ ಇದೆಲ್ಲ ಗೊತ್ತಿರಲಿಲ್ಲ, ಆದ್ರೂ ಹಿರಿಯರು ಹೇಳಿದ್ರು ಅಂತ ಬೂಟು ಬಿಚ್ಚಿದ್ರು. ಎಡಗಾಲಿನ ಸಾಕ್ಸಿನಿಂದ ಹೆಬ್ಬೆರಳು ಹೊರಗೆ ಇಣುಕ್ತು. ಬೂಟು ಬಿಚ್ಚಿದ ಮೇಲೆ ಯಾವ ಆಫೀಸರಿಗೂ ಮೊದಲಿನ ಗತ್ತು ಇರಲ್ಲ ಅನ್ನೋದು ನನಗೆ ಅವತ್ತು ತಿಳೀತು.

"ಕುಂತ್ಕಳ್ರಿ" ಅಂದ್ರು ಅಜ್ಜ. ಕುಂತ್ರು.

ಅಷ್ಟೊತ್ತಿಗೆ ಇನ್ನೊಂದು ಆಯ್ತು. ಕಂಬಳಿ ಹಾಸಿ, ಅಜ್ಜ ರುಮಾಲು ಸುತ್ತಿ, ಜೀಪಿನಿಂದ ಒಬ್ಬ ಆಫೀಸರು ಇಳಿದು ಕುಂತಿದ್ದು ಕಂಡು ಊರೋರು ಇವತ್ತು ಪಂಚಾಯ್ತಿ ಐತೆ ಅಂದ್ಕೊಂಡ್ರು. ಒಬ್ಬೊಬ್ರೇ ಬಂದ್ರು, ಮೆಟ್ಟು ಬಿಟ್ರು, ಕಂಬಳಿ ಮೇಲೆ ಸಾಲಾಗಿ ಕುಂತ್ರು. ಗೋಡೆಯಿಂದ ಬಾವಿವರೆಗೆ ಜಾಗ ಇಲ್ಲದ ಹಾಗೆ ಜನ. ಯಾರೂ ಯಾಕೆ ಏನು ಅಂತ ಕೇಳಲಿಲ್ಲ. ಪಂಚಾಯ್ತಿ ಅಂದ ಮೇಲೆ ವಿಷಯ ತಾನಾಗೇ ಬರ್ತದೆ ಅಂತ ಅವರಿಗೆ ನಂಬಿಕೆ.

ಬಂತು. ಪಕ್ಕದ ಮನೆ ಅಕ್ಕ ಸೆರಗು ಬಿಗಿದು ಎದ್ದು ನಿಂತ್ಲು.

"ಸಾಹೇಬ್ರೇ, ನನ್ನ ನ್ಯಾಯ ಮೊದ್ಲು ಮಾಡ್ರಿ. ಮುಳ್ಳು ಹಾಕ್ಕಂಡು ಈ ಮನೆಯೋರೆಲ್ಲ ನನ್ನ ಹಿತ್ತಲಾಗೆ ತಿರುಗಾಡಿದ್ರು. ನನಗೇನು ಸಿಕ್ತು? ಧೂಳು! ಕುರೀನಾರ ತಿರುಗಿಸಿದ್ರೆ ಹಿಕ್ಕೆನಾರ ಬೀಳ್ತಿತ್ತು, ಸೊಪ್ಪು ಸೋರೆ ಬೆಳ್ಕಂತಿದ್ದೆ."

ಸಾಹೇಬರು ನನ್ನ ಕಿವಿಯಲ್ಲಿ, "ಹಿಕ್ಕೆ ಅಂದ್ರೆ?" ಅಂದ್ರು.

"ಕುರಿ ಗೊಬ್ಬರ ಸಾರ್. ಇಲ್ಲಿ ಬಂಗಾರಕ್ಕಿಂತ ಒಂದು ಗುಲಗಂಜಿ ಹೆಚ್ಚು."

ಸಾಹೇಬರು ಗಂಟಲು ಸರಿ ಮಾಡ್ಕೊಂಡ್ರು. ಯಾರಾದ್ರೂ ನ್ಯಾಯ ಕೇಳಿದ್ರೆ ಹೇಳದೇ ಬಿಡೋಕೆ ಯಾವ ಮನುಷ್ಯನಿಂದ ಆಗ್ತದೆ? "ಹಾಗಾದ್ರೆ ಇವರ ಕುರಿಯೆಲ್ಲ ಇನ್ನು ಮುಂದೆ ನಿಮ್ಮ ಹಿತ್ತಲಲ್ಲೇ ಹೋಗಿ ಬರಲಿ" ಅಂದ್ರು.

ಇಡೀ ಕಂಬಳಿ "ಆಹಾ, ಧರ್ಮದ ಮಾತು" ಅಂತ ತಲೆ ಆಡಿಸ್ತು. ಅಕ್ಕ ಕೈ ಮುಗಿದು ಕುಂತ್ಲು. ಸಾಹೇಬರ ಮುಖ ಅರಳ್ತು. ಆಮೇಲೆ ಒಬ್ಬನ ಕೋಳಿ, ಇನ್ನೊಬ್ಬನ ಬೇಲಿ, ಅಣ್ಣತಮ್ಮಂದಿರ ನೊಗದ ಜಗಳ, ಒಂದಾದ ಮೇಲೆ ಒಂದು. ಸೊಸೆ ಎರಡು ಸಲ ಕಾಫಿ ತಂದ್ಲು. ಹೊತ್ತು ನೆತ್ತಿಗೆ ಬಂದಾಗ ಸಾಹೇಬರಿಗೆ ಬಂದ ಕೆಲಸ ಜ್ಞಾಪಕ ಆಯ್ತು.

"ಅಲ್ಲಯ್ಯಾ, ಆ ಕೇಬಲ್ ಎಲ್ಲಿ?"

ಅಜ್ಜ ಹೇಳಿದ್ರು, "ನೀವು ಕುಂತಿರೋದೇ ಅದರ ಮ್ಯಾಲೆ."

ಸಾಹೇಬರು ಒಂದು ಮೊಳ ಮೇಲಕ್ಕೆ ಹಾರಿದ್ರು! "ಮೇನ್ ಆಫ್ ಐತೆ ಸಾರ್, ಮೇನ್ ಆಫ್ ಐತೆ" ಅಂತ ನಾನು ಕೂಗಿದ್ದು ಅವರು ಕೆಳಗೆ ಬಂದ ಮೇಲೆ ಕೇಳಿಸ್ತು. ಕೇಳಿಸಿದ ಮೇಲೆ ಹೆದರಿಕೆ ಹೋಗಿ ಸಿಟ್ಟು ಬಂತು. "ಮುಚ್ಚಿಟ್ಟು ನನಗೇ ಆಟ ಆಡಿಸ್ತೀರಾ? ಕೀಳಯ್ಯ ಫ್ಯೂಸು!"

ಆಗ ಸೊಸೆ ಬಂದು ಎದುರಿಗೆ ನಿಂತ್ಲು. ಅಷ್ಟು ಜನ ಗಂಡಸರ ಮುಂದೆ ಅವಳು ಬಾಯಿ ಬಿಟ್ಟಿದ್ದು ಅದೇ ಮೊದಲು ಅಂತ ಆಮೇಲೆ ಯಾರೋ ಹೇಳಿದ್ರು.

"ಸಾಹೇಬ್ರೇ, ಕುರಿ ದಾರಿ ನೀವೇ ಈಗ ಬದಲು ಮಾಡಿದ್ರಿ. ಇನ್ನು ಉಳಿದಿದ್ದು ಕೇಬಲ್ಲು. ನೆಲ ತೋಡಾಕೆ ಆಗಾಕಿಲ್ಲ, ಸರಿ. ಎರಡೂ ಮಗ್ಗುಲು ಕಲ್ಲು ಜೋಡ್ಸಿ, ನಡುವೆ ಮರಳು ಹಾಕಿ, ಕೇಬಲ್ ಮಲಗ್ಸಿ, ಮ್ಯಾಲೆ ಚಪ್ಪಡಿ ಮುಚ್ತೀವಿ. ಆನೆ ತುಳಿದ್ರೂ ಏನಾಗಾಕಿಲ್ಲ. ಎಂಟು ದಿನ ಕೊಡ್ರಿ."

ಸುತ್ತ ನೋಡಿದ್ರೆ ಕಲ್ಲು. ಗೋಡೆ ಕಲ್ಲು, ಕಟ್ಟೆ ಕಲ್ಲು, ಗುಡ್ಡ ಕಲ್ಲು. ನಾವು ಒಂದು ತಿಂಗಳಿಂದ ಮುಳ್ಳು, ಸಗಣಿ, ಬೇವಿನ ಮರ ಅಂತ ಒದ್ದಾಡಿದ್ವಿ. ನನಗಂತೂ ನನ್ನ ತಲೇನೂ ಅದೇ ಕಲ್ಲಿನಿಂದ ಮಾಡಿದ್ದಿರಬೇಕು ಅನ್ನಿಸ್ತು.

ಸಾಹೇಬರೂ ತಲೆದೂಗಿದ್ರು. ಆದ್ರೆ ಹಾರಿದ ಅವಮಾನ ಇನ್ನೂ ಇಳಿದಿರಲಿಲ್ಲ. "ಉಪಾಯ ಸರಿಯಾಗಿದೆಯಮ್ಮ. ಆದ್ರೆ ರೂಲ್ಸು ರೂಲ್ಸೇ. ವೈರು ನೆಲದ ಮೇಲೆ ಬಿಟ್ಟೋರು ಯಾರೇ ಆಗಲಿ, ಇವತ್ತು ಕೀಳಲೇಬೇಕು. ಕೆಲಸ ಮುಗಿದ ಮೇಲೆ ಹಾಕಿಸ್ಕೊಳ್ಳಿ" ಅಂದ್ರು.

ಹಾಕಿಸ್ಕೊಳ್ಳೋದು ಅಂದ್ರೆ ಅರ್ಜಿ, ಚಿತ್ರದುರ್ಗ, ಮತ್ತೆ ಅರ್ಜಿ. ಅಲ್ಲೀವರೆಗೂ ಹಗ್ಗ. ಸೊಸೆ ಕಣ್ಣಲ್ಲಿ ನೀರು ತುಂಬ್ತು, ಕೈ ಹಿಂದಕ್ಕೆ ಕಟ್ಕೊಂಡು ನಿಂತ್ಲು.

ಅಜ್ಜ ನಿಧಾನಕ್ಕೆ ಎಲೆ ಅಡಿಕೆ ಉಗುಳಿ ಬಂದು, ಸಾಹೇಬರ ಕೈ ಹಿಡಿದು ಮತ್ತೆ ಕೂರಿಸಿದ್ರು. "ಆಗ್ಲಿ ಸಾಹೇಬ್ರೇ. ಯಾರೇ ಆಗಲಿ ಅಂದ್ರಿ, ಸರಿ. ಒಂದು ಮಾತು ಕೇಳ್ತೀನಿ, ಕಂಬಳಿ ಮ್ಯಾಲೆ ಕುಂತೀರಿ, ಇಲ್ಲಿ ಯಾರೂ ಸುಳ್ಳಾಡಂಗಿಲ್ಲ. ನಿಮ್ಮ ಮನೆ ಅಂಗಳದಾಗೆ ವೈರು ಹೆಂಗೈತೆ?"

ಹಿರಿಯೂರಿನ ಕ್ವಾರ್ಟರ್ಸಿನಲ್ಲಿ ಸಾಹೇಬರ ಮನೆಯಿಂದ ಹಿತ್ತಲಿನ ಬಚ್ಚಲುಮನೆಗೆ ಒಂದು ಬಲ್ಬು ಅಂತ ವೈರು ಎಳೆದೋನು ನಾನೇ. ಯಾವ ಪೈಪೂ ಇಲ್ಲ, ಯಾವ ಕಲ್ಲೂ ಇಲ್ಲ. ಅಮ್ಮಾವರು ಅದರ ಪಕ್ಕದಲ್ಲೇ ಹಪ್ಪಳ ಒಣಗಿಸ್ತಿದ್ರು. ಅಜ್ಜನಿಗೆ ಇದು ಗೊತ್ತಿತ್ತಾ? ನಾನಂತೂ ಹೇಳಿರಲಿಲ್ಲ. ಊರಿನ ಬುದ್ಧಿ, ಸುಮ್ಮನೆ ಕತ್ತಲಲ್ಲಿ ಒಂದು ಕಲ್ಲು ಎಸೆದಿದ್ರು ಅಷ್ಟೇ.

ಸಾಹೇಬರು ಒಂದು ಸಲ ನನ್ನ ಮುಖ ನೋಡಿದ್ರು. ಒಂದು ಸಲ ಕಂಬಳಿ ನೋಡಿದ್ರು. ಸಾಲಾಗಿ ಕುಂತಿದ್ದ ಜನಾನ ಈ ತುದಿಯಿಂದ ಆ ತುದಿವರೆಗೆ ನೋಡಿದ್ರು. ಯಾರೂ ಕಣ್ಣು ಮಿಟುಕಿಸಲಿಲ್ಲ. ಸಾಕ್ಸಿನಿಂದ ಹೊರಗಿದ್ದ ಹೆಬ್ಬೆರಳನ್ನ ಮಡಚ್ಕೊಂಡು, ಮೆಲ್ಲಗೆ, ತಮ್ಮ ಅಂಗಿ ಗುಂಡಿಗೆ ಹೇಳೋ ಹಾಗೆ ಹೇಳಿದ್ರು:

"ನೆಲದ ಮೇಲೇ ಇದೆ."

ಅಜ್ಜ ನಗಲಿಲ್ಲ. ಸೊಸೆ ಕಡೆ ನೋಡಿದ್ರು, ನನ್ನ ಕಡೆ ನೋಡಿದ್ರು, ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದ್ರು, "ಹಂಗಾದ್ರೆ ಸಾಹೇಬ್ರೇ, ಮೊದ್ಲು ಯಾರ ಮನೆ ಫ್ಯೂಸು ಕೀಳಾಣ?"

ಇಡೀ ಪಂಚಾಯ್ತಿ ನನ್ನ ಕಡೆ ತಿರುಗ್ತು. ಪ್ಲೇಯರ್ ಇದ್ದಿದ್ದು ನನ್ನ ಕೈಯಲ್ಲೇ ತಾನೆ.

ಸಾಹೇಬರು ಎದ್ದು, ಕಂಬಳಿಯಿಂದ ಆಚೆ ಹೋಗಿ, ಒಂದೊಂದೇ ಬೂಟು ಹಾಕ್ಕೊಂಡ್ರು. ಲೇಸು ಕಟ್ಟೋದು ಮುಗಿದ ಮೇಲೆ ತಲೆ ಎತ್ತಿದ್ರು.

"ಎಂಟು ದಿನ ಸಾಲಲ್ಲಮ್ಮ, ಹತ್ತು ದಿನ ತಗೊಳ್ಳಿ. ಚಪ್ಪಡಿ ಏನಾದ್ರೂ ಉಳಿದ್ರೆ ನಮ್ಮನೆಗೂ ಒಂದು ಗಾಡಿ ಕಳಿಸ್ರಿ."